ಆಷಾಢದಲ್ಲಿ ಏರಿದ ಬಡ್ಡಿ

ನಮ್ಮ ಕೈಯಲ್ಲಿ ಸ್ವಂತ ಮನೆ ಆಗುವುದೇ ಇಲ್ಲ ಎಂದವರು ನನ್ನ ಸೋದರಮಾವ. ಅಮ್ಮನ ಅಣ್ಣ. ಹುಲಿಯೂರುದುರ್ಗದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದಾರೆ. ಅವರು ಆ ಮಾತು ಹೇಳಿದ್ದು ಕದ್ದುಮುಚ್ಚಿ ಅಲ್ಲ, ನಮ್ಮ ಮನೆಯ ನಡುಮನೆಯಲ್ಲೇ, ನಾವು ಕೊಟ್ಟ ಕಾಫಿ ಕುಡಿಯುತ್ತಲೇ.

ನಮ್ಮ ಎರಡೂ ಕಡೆಯ ಸಂಬಂಧದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆ ಇಲ್ಲ. ಬೆಳಿಗ್ಗೆ ಕಾಲೇಜು, ಮಧ್ಯಾಹ್ನದ ಮೇಲೆ ಆಡಿಟರ್ ಆಫೀಸಿನಲ್ಲಿ ಬಿಲ್ಲು ಎಂಟ್ರಿ ಮಾಡಿ ಬಿ.ಕಾಂ. ಓದಿದವಳು. ಪದವಿಯ ಸರ್ಟಿಫಿಕೇಟ್ ಕೈಗೆ ಬಂದ ದಿನ ಅಮ್ಮ ಅದಕ್ಕೆ ಗಾಜಿನ ಫ್ರೇಮ್ ಹಾಕಿಸಿಕೊಂಡು ಬಂದಳು. ತಂದ ಮೇಲೆ ನೆನಪಾಯಿತು, ಅದನ್ನು ನೇತುಹಾಕಲು ಜಾಗವಿಲ್ಲ. ತುಮಕೂರಿನ ಗುಬ್ಬಿ ಗೇಟ್ ಹತ್ತಿರ ನಾವಿದ್ದ ಬಾಡಿಗೆ ಮನೆಯಲ್ಲಿ ಗೋಡೆಗೆ ಮೊಳೆ ಹೊಡೆಯಬಾರದು ಎಂಬುದು ಮೇಲಿನ ಮನೆಯಲ್ಲಿದ್ದ ಓನರ್ ಹಾಕಿದ ಮೊದಲ ಕಂಡೀಷನ್. ಪಂಚಾಂಗದ ಕ್ಯಾಲೆಂಡರನ್ನೂ ನಾವು ಕಿಟಕಿಯ ಸರಳಿಗೇ ಕಟ್ಟಿದ್ದೆವು.

ಮಾವ ಫ್ರೇಮನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಮೊಳೆ ಹೊಡೆಯೋಕೆ ಗೋಡೆ ಇಲ್ಲ, ಸರ್ಟಿಫಿಕೇಟ್ ತಗಂಡು ಏನ್ ಮಾಡ್ತೀಯೇ? ದಿಂಬಿನ ಕೆಳಗೆ ಇಟ್ಕಂಡು ಮಲಿಕ್ಕೊ."

"ಮನೆ ತಗೋತೀವಿ ಮಾವ. ಆ ಗೋಡೆಗೇ ಹಾಕ್ತೀನಿ" ಅಂದೆ.

"ಯಾರು, ನೀವಾ? ಲಗೇಜ್ ಆಟೋ ಓಡ್ಸೋರ ಮನೆಗೆ ಯಾವ ಬ್ಯಾಂಕಿನೋನು ಸಾಲ ಕೊಡ್ತಾನೆ? ಆಗದ ಮಾತು ಬುಡು."

ಲಗೇಜ್ ಆಟೋ ಓಡಿಸುವ ಅಪ್ಪ ಅಲ್ಲೇ ಕೂತಿದ್ದ. ಭಾವ ಏನೋ ತಮಾಷೆ ಮಾಡಿದರು ಎಂಬಂತೆ ನಕ್ಕ. ಮಾವನ ಮಾತನ್ನು ನಾನು ಆವತ್ತೇ ಮರೆಯುತ್ತಿದ್ದೆನೇನೋ, ಅಪ್ಪ ಹಾಗೆ ನಗದೇ ಇದ್ದಿದ್ದರೆ.

ಹಿರೇಹಳ್ಳಿಯ ಒಂದು ಗಾಡಿ ಬಿಡಿಭಾಗದ ಕಾರ್ಖಾನೆಯಲ್ಲಿ ಅಕೌಂಟ್ಸ್ ಕೆಲಸ ಸಿಕ್ಕಿ, ಕೆಲಸ ಖಾಯಂ ಆದ ಮೇಲೆ, ಗುಬ್ಬಿಯಲ್ಲಿ ಒಂದು ಮನೆ ನೋಡಿದೆವು. ಎರಡು ರೂಮು, ಮುಂದೆ ನೀರಿನ ಸಂಪು, ಹಿತ್ತಲಲ್ಲಿ ಒಂದು ನಿಂಬೆ ಗಿಡ. ಮಾರುವವರು ಒಬ್ಬ ಮೇಷ್ಟ್ರು. ಕುಣಿಗಲ್ಲಿಗೆ ವರ್ಗವಾಗಿ, ಅಲ್ಲೇ ಹೊಸ ಮನೆ ಕಟ್ಟಿಸುತ್ತಿದ್ದರು. ನಮ್ಮ ದುಡ್ಡು ಬಂದರೆ ಅವರ ಮನೆಗೆ ಛಾವಣಿಯ ಮೋಲ್ಡ್ ಬೀಳಬೇಕು, ಹಾಗಿತ್ತು ಲೆಕ್ಕ. ಅಪ್ಪನ ಚೀಟಿ ದುಡ್ಡು, ಅಮ್ಮನ ಸರ ಮಾರಿದ ದುಡ್ಡು ಸೇರಿಸಿ ಜ್ಯೇಷ್ಠದಲ್ಲಿ ಒಂದು ಒಳ್ಳೆಯ ದಿನ ಎಲೆ ಅಡಿಕೆ ಇಟ್ಟು ಅಡ್ವಾನ್ಸ್ ಕೊಟ್ಟು ಕರಾರು ಮಾಡಿಕೊಂಡೆವು. ಶ್ರಾವಣ ಮುಗಿಯುವುದರೊಳಗೆ ರಿಜಿಸ್ಟ್ರೇಷನ್ ಆಗಬೇಕು. ನಮ್ಮಿಂದ ಆಗದಿದ್ದರೆ ಅಡ್ವಾನ್ಸ್ ವಾಪಸ್ಸಿಲ್ಲ. ಮನೆ ಅಮ್ಮ ಮತ್ತು ನನ್ನ ಹೆಸರಿನಲ್ಲಿ ಜಂಟಿಯಾಗಿ ಆಗಲಿ ಎಂದು ಅಪ್ಪನೇ ಹೇಳಿದ್ದ. ಆದ್ದರಿಂದ ಎಲ್ಲ ಕಡೆಯೂ ಅಮ್ಮನ ಸಹಿ ಬೇಕಿತ್ತು.

ಬ್ಯಾಂಕು ನನ್ನ ಸಂಬಳ ನೋಡಿ ಸಾಲ ಮಂಜೂರು ಮಾಡಿತು. ಅಷ್ಟು ಹೊತ್ತಿಗೆ ಆಷಾಢ ಹುಟ್ಟಿತು.

"ಆಷಾಢ ಕಳೀಲಿ" ಅಂದಳು ಅಮ್ಮ.

ಮಂಜೂರಾದ ಸಾಲ ಎಂದರೆ ಕೈಗೆ ಬಂದ ಸಾಲ ಅಲ್ಲ, ಹಣ ಬಿಡುಗಡೆಯಾಗುವ ದಿನ ಯಾವ ಬಡ್ಡಿ ಇರುತ್ತದೋ ಅದೇ ನಮ್ಮ ಬಡ್ಡಿ, ಒಂದು ತಿಂಗಳು ಕಾಯುವುದು ಅಪಾಯ ಎಂದು ಬಿಡಿಸಿ ಹೇಳಿದೆ. ಅಮ್ಮ ಅಕ್ಕಿ ಆರಿಸುತ್ತಾ, "ಒಂದು ತಿಂಗ್ಳಲ್ಲಿ ಏನ್ ಮುಳುಗೋಗುತ್ತೆ?" ಎಂದಳು. ಮೇಷ್ಟ್ರ ಮನೆಯಲ್ಲೂ ಅದೇ ಮಾತು. "ನಮ್ಮನೆಯವಳೂ ಆಷಾಢದಲ್ಲಿ ಮನೆ ಕೈಬಿಡಲ್ಲ ಅಂತಾಳೆ ಕಣಮ್ಮ" ಎಂದು ಅವರು ಫೋನಿನಲ್ಲಿ ನಕ್ಕರು. ನನಗೆ ನಗು ಬರಲಿಲ್ಲ. ಬ್ಯಾಂಕುಗಳಿಗೇ ಸಾಲ ಕೊಡುವ ದೇಶದ ದೊಡ್ಡ ಬ್ಯಾಂಕು ಎರಡು ತಿಂಗಳಿಗೊಮ್ಮೆ ಬಡ್ಡಿ ದರ ಹೇಳುತ್ತದೆ. ಅದರ ಸರದಿ ಸರಿಯಾಗಿ ಆ ಆಷಾಢದ ನಡುವೆಯೇ ಬಿದ್ದಿತ್ತು.

ಆ ದಿನಗಳಲ್ಲಿ ನನ್ನ ಕಿವಿ ಬದಲಾಯಿತು. ಅಮ್ಮ ಅಂಗಡಿಯಿಂದ ಬಂದು "ಎಣ್ಣೆ ಮತ್ತೆ ಏರಿಸವ್ರೆ" ಅಂದರೆ ನನಗೆ ಬಡ್ಡಿ ಏರಿತು ಎಂದು ಕೇಳುತ್ತಿತ್ತು. ಟೊಮೆಟೊ ರೇಟು, ಗ್ಯಾಸ್ ಸಿಲಿಂಡರು, ಅಪ್ಪ ಬಂಕಿನಿಂದ ಬಂದು ಬೈಯುವ ಡೀಸೆಲ್ಲು, ಎಲ್ಲವೂ ನನಗೆ ಒಂದೇ ಸುದ್ದಿ. ಎಲ್ಲೋ ದೂರದ ಯುದ್ಧದ ಚಿತ್ರ ಟೀವಿಯಲ್ಲಿ ಬಂದರೆ ಅಮ್ಮ ಪಾಪ ಅನ್ನುತ್ತಿದ್ದಳು. ನಾನೂ ಪಾಪ ಅನ್ನುತ್ತಿದ್ದೆ. ಆದರೆ ನನ್ನ ಮನಸ್ಸು ಕಚ್ಚಾ ತೈಲದ ಬೆಲೆಯ ಮೇಲಿರುತ್ತಿತ್ತು.

ಒಂದು ಸಂಜೆ ಅಪ್ಪ ಕೇಳಿದ, "ಎಣ್ಣೆ ರೇಟು ಏರಿದ್ರೆ ಮನೆ ಬಡ್ಡಿ ಯಾಕವ್ವ ಏರ್ಬೇಕು? ಎಣ್ಣೆಗೂ ಮನೆಗೂ ಏನ್ ಸಂಬಂಧ?"

"ಸಾಮಾನಿನ ಬೆಲೆ ಎಲ್ಲ ಏರ್ತಾ ಹೋದ್ರೆ ದುಡ್ಡನ್ನೇ ದುಬಾರಿ ಮಾಡ್ತಾರಪ್ಪ. ಬಡ್ಡಿ ಜಾಸ್ತಿ ಆದ್ರೆ ಜನ ಸಾಲ ಕಮ್ಮಿ ಮಾಡ್ತಾರೆ, ಕೊಳ್ಳೋದು ಕಮ್ಮಿ ಮಾಡ್ತಾರೆ. ಕೊಳ್ಳೋರು ಕಮ್ಮಿ ಆದ್ರೆ ಬೆಲೆ ಇಳಿಯುತ್ತೆ."

ಅಪ್ಪ ಬೆರಳು ಮಡಚಿ ಲೆಕ್ಕ ಹಾಕಿದ. "ಅಂದ್ರೆ ನಾವು ಮನೆ ತಗೊಳ್ದೇ ಇದ್ರೆ ಎಣ್ಣೆ ರೇಟು ಇಳಿಯುತ್ತಾ?"

"ನಾವೊಬ್ರೇ ಅಲ್ಲ. ನಮ್ಮಂಥೋರೆಲ್ಲ."

"ಎಣ್ಣೆ ರೇಟು ಇಳ್ಸೋಕೂ ನಮ್ಮಂಥೋರೇ ಬೇಕಾ?"

ಬಿ.ಕಾಂ.ನಲ್ಲಿ ನಾನು ಅರ್ಥಶಾಸ್ತ್ರದ ಪೇಪರಿಗೆ ಒಳ್ಳೆಯ ನಂಬರ್ ತೆಗೆದವಳು. ಆ ಪ್ರಶ್ನೆಯನ್ನು ಅಲ್ಲಿ ಯಾರೂ ಕೇಳಿರಲಿಲ್ಲ.

ದರ ಹೇಳುವ ಬೆಳಿಗ್ಗೆ ಕಾರ್ಖಾನೆಯ ಅಕೌಂಟ್ಸ್ ರೂಮಿನಲ್ಲಿ ನನ್ನ ಫೋನನ್ನು ಕ್ಯಾಲ್ಕುಲೇಟರಿಗೆ ಒರಗಿಸಿ ನಿಲ್ಲಿಸಿದೆ. ಪಕ್ಕದ ಮೇಜಿನ ಹಿರಿಯ ಅಕೌಂಟೆಂಟರು ಟೀ ಲೋಟ ಹಿಡಿದು ಬಂದು ನಿಂತರು. ಅವರಿಗೂ ಮನೆ ಸಾಲ ಇತ್ತು. ಫೋನಿನೊಳಗೆ ಒಬ್ಬರು ಏರಿಳಿತವಿಲ್ಲದ ದನಿಯಲ್ಲಿ ಇಂಗ್ಲಿಷಿನಲ್ಲಿ ಓದುತ್ತಿದ್ದರು. ಮೊದಲು ಪ್ರಪಂಚದ ಸಮಾಚಾರ, ಆಮೇಲೆ ತೈಲ, ಮಳೆ, ತರಕಾರಿ.

"ಹೇಳಯ್ಯ ಬೇಗ, ಟೀ ಆರೋಗ್ತಾ ಐತೆ" ಅಂದರು ಅಕೌಂಟೆಂಟರು ಫೋನಿಗೆ.

ಆ ಹೊತ್ತಿಗೆ ಹೇಳಿದರು. ಏರಿತ್ತು. ನಾನು ಅಂದುಕೊಂಡದ್ದಕ್ಕಿಂತ ಹೆಚ್ಚೇ ಏರಿತ್ತು.

"ನಂದು ನಡೀತಿರೋ ಸಾಲ, ಅದಕ್ಕೆ ಜ್ವರ ಬಂತು ಅಷ್ಟೇ" ಅಂದರು ಅವರು. "ನಿಂದು ನೋಡಮ್ಮ, ಹುಟ್ಟೋಕೆ ಮುಂಚೇನೇ ಜಾತಕ ಬದಲಾಯ್ತು." ಅವರು ನನ್ನನ್ನು ನಗಿಸಲೆಂದೇ ಹೇಳಿದ್ದು. ನಾನು ಆಗಲೇ ರಜೆಯ ಅರ್ಜಿಗೆ ಹಾಳೆ ಹುಡುಕುತ್ತಿದ್ದೆ.

ಅರ್ಧ ದಿನ ರಜೆ ಹಾಕಿ ತುಮಕೂರಿನ ಬ್ಯಾಂಕಿಗೆ ಹೋದೆ. ಸಾಲದ ಮೇಜಿನ ಮೇಡಂ ನನ್ನನ್ನು ಕಂಡ ಕೂಡಲೇ ಏಕೆ ಬಂದೆ ಎಂದು ಕೇಳಲಿಲ್ಲ. ಹೊಸ ಬಡ್ಡಿ ಮುಂದಿನ ತಿಂಗಳ ಒಂದನೇ ತಾರೀಖಿನಿಂದ ಜಾರಿಗೆ ಬರುತ್ತದೆ ಎಂದರು. ಅದಾದ ಮೇಲೆ ಹಣ ಬಿಡಿಸಿಕೊಂಡರೆ ಲೆಕ್ಕವನ್ನು ಮೊದಲಿನಿಂದ ಹಾಕಬೇಕು. ಸಂಬಳದಲ್ಲಿ ಇಷ್ಟು ಭಾಗಕ್ಕಿಂತ ಹೆಚ್ಚು ಕಂತಿಗೆ ಹೋಗಬಾರದು ಎಂಬ ನಿಯಮ ಇದೆ. ಸಂಬಳ ಅಷ್ಟೇ ಇದೆ, ಬಡ್ಡಿ ಏರಿದೆ, ವರ್ಷಗಳನ್ನು ಆಗಲೇ ಎಷ್ಟು ಎಳೆಯಬಹುದೋ ಅಷ್ಟು ಎಳೆದಾಗಿದೆ. ಉಳಿದದ್ದು ಒಂದೇ ದಾರಿ, ಸಾಲವನ್ನೇ ಕಮ್ಮಿ ಮಾಡುವುದು.

"ಎಷ್ಟು ಕಮ್ಮಿ ಆಗುತ್ತೆ ಮೇಡಂ?"

ಅವರು ಪರದೆಯನ್ನು ನನ್ನ ಕಡೆ ತಿರುಗಿಸಿದರು. ಅಷ್ಟನ್ನು ತುಂಬಲು ಇನ್ನೊಂದು ಸರ ಬೇಕಿತ್ತು. ಅಮ್ಮನ ಹತ್ತಿರ ಇದ್ದದ್ದು ಒಂದೇ, ಅದು ಅಡ್ವಾನ್ಸಿಗೆ ಹೋಗಿತ್ತು.

"ಸಾಲ ಕೊಟ್ಟ ಮೇಲೆ ಬಡ್ಡಿ ಏರಿದ್ರೆ?" ಎಂದು ಕೇಳಿದೆ.

"ಏರೇ ಏರುತ್ತೆ. ಕಂತು ಸ್ವಲ್ಪ ಜಾಸ್ತಿ ಆಗುತ್ತೆ, ಕಟ್ತೀರ. ಆದ್ರೆ ಕೊಟ್ಟ ಸಾಲಾನ ವಾಪಸ್ ಕಿತ್ಕೊಳಲ್ಲ. ಒಂದನೇ ತಾರೀಖಿಗೆ ಮುಂಚೆ ರಿಜಿಸ್ಟ್ರೇಷನ್ ಇಟ್ಕೊಳಿ. ಮಾರೋರ ಹೆಸ್ರಿಗೆ ದುಡ್ಡಿನ ಡೀಡಿ ನಾನು ರೆಡಿ ಮಾಡಿಸ್ತೀನಿ."

ಶ್ರಾವಣ ಹುಟ್ಟುವುದು ಒಂದನೇ ತಾರೀಖು ಕಳೆದ ಮೇಲೆ.

ಮನೆಗೆ ಬಂದು ಇದನ್ನೆಲ್ಲ ಅಮ್ಮನಿಗೆ ಹೇಳಿದೆ. ಅವಳು ಒಲೆ ಸಣ್ಣಗೆ ಮಾಡಿ ಪೂರ್ತಿ ಕೇಳಿದಳು. ಅರ್ಥವಾಗಲಿಲ್ಲ ಎಂದಲ್ಲ. ಚೆನ್ನಾಗಿಯೇ ಅರ್ಥವಾಗಿತ್ತು.

"ಆಗಲ್ಲ" ಅಂದಳು.

"ಅಡ್ವಾನ್ಸ್ ಹೋಗುತ್ತಮ್ಮ. ನಿನ್ ಸರ ಹೋಗುತ್ತೆ."

"ಹೋದ್ರೆ ಸರ ಹೋಗುತ್ತೆ. ನಿಂಗೆ ನೆನಪಿಲ್ಲ, ನೀನು ಮಗು. ಒಂದ್ಸಲ ಆಷಾಢದಲ್ಲಿ ಮನೆ ಬದಲಾಯಿಸಿದ್ವಿ. ಬಾಡಿಗೆ ಕಮ್ಮಿ ಅಂತ ನಿಮ್ಮಪ್ಪ ಆತುರ ಬಿದ್ದ. ಆರು ತಿಂಗ್ಳಿಗೆ ಪಾತ್ರೆ ಪಗಡೆ ಬೀದೀಲಿತ್ತು. ನಾನು ಬೀದೀಲಿ ನಿಂಗೆ ಅನ್ನ ತಿನ್ಸಿದೀನಿ."

"ಅದು ಓನರ್ ಮಗನಿಗೆ ಮದ್ವೆ ಆಯ್ತು ಅಂತ ಬಿಡ್ಸಿದ್ದು. ಆಷಾಢಕ್ಕೇನು?"

"ನೀನು ಓದಿದೀಯ. ನಿನ್ ಸೈನ್ ನೀನ್ ಹಾಕ್ಕೊ. ನಂದು ನಾನ್ ಹಾಕಲ್ಲ."

ಅಪ್ಪ ಆಟೋ ತೊಳೆಯುವ ನೆವದಲ್ಲಿ ಹೊರಗೆ ಹೋದ. ಆ ವಾರ ನಮ್ಮ ಮನೆಯಲ್ಲಿ ಉಪ್ಪು, ನೀರು, ಬೀಗದ ಕೈ ಎಂಬಂಥ ಮಾತು ಬಿಟ್ಟರೆ ಬೇರೆ ಮಾತಿಲ್ಲ. ನಾನು ಬ್ಯಾಂಕಿನ ಲೆಕ್ಕವನ್ನು ಎಷ್ಟು ಸಲ ಹಾಕಿದರೂ ಅಷ್ಟೇ ಕಮ್ಮಿ ಬೀಳುತ್ತಿತ್ತು. ಅಮ್ಮ ಕಿಟಕಿಯ ಕ್ಯಾಲೆಂಡರಿನ ಮುಂದೆ ಎಷ್ಟು ಸಲ ನಿಂತರೂ ಶ್ರಾವಣ ಹತ್ತಿರ ಬರುತ್ತಿರಲಿಲ್ಲ. ಮಗಳ ತಲೆ ತಿರುಗಿದೆ, ಬುದ್ಧಿ ಹೇಳು ಬಾ ಎಂದು ಕೊನೆಗೆ ಅವಳು ಅಣ್ಣನಿಗೆ ಫೋನ್ ಮಾಡಿದಳು.

ಭಾನುವಾರ ಮಾವ ಕುಣಿಗಲ್ ಮೇಲಿನ ಬಸ್ಸಿನಲ್ಲಿ ಬಂದರು. ನಾನು ಬಾಗಿಲಲ್ಲೇ ಜಗಳಕ್ಕೆ ಸೊಂಟ ಕಟ್ಟಿ ನಿಂತಿದ್ದೆ. ಅವರು ನನ್ನನ್ನು ನೋಡಲೂ ಇಲ್ಲ. ಮುದ್ದೆ, ಹುರುಳಿಕಾಳಿನ ಸಾರು ಊಟ ಮಾಡಿದರು. ಕೈ ತೊಳೆದು ಗೋಡೆಗೆ ಒರಗಿ ಕೂತು, ಈಗ ಪತ್ರ ಬರೆಸಿದರೆ ಸಾಲ ಎಷ್ಟು, ಆಮೇಲೆ ಬರೆಸಿದರೆ ಎಷ್ಟು ಎಂದು ನನ್ನನ್ನು ಕೇಳಿದರು. ಹೇಳಿದೆ. ಇನ್ನೊಂದು ಸಲ ಹೇಳಿಸಿದರು. ಆಮೇಲೆ ಅಮ್ಮನ ಕಡೆ ತಿರುಗಿದರು.

"ಏನವ್ವ, ಈ ಉಟ್ಟಿರೋ ಸೀರೆ ಯಾವಾಗ ತಗಂಡಿದ್ದು?"

"ಹೋದ ವರ್ಷ. ನಿನ್ ಅಂಗ್ಡೀಲೇ ಅಲ್ವ ಅಣ್ಣ."

"ಯಾವ ತಿಂಗ್ಳು?"

ಅಮ್ಮ ಸೆರಗು ಸರಿಮಾಡಿಕೊಂಡಳು.

"ನಾನ್ ಹೇಳ್ತೀನಿ ಕೇಳು. ಆಷಾಢದ ಸೇಲಿನಲ್ಲಿ ತಗಂಡಿದ್ದು. ಹೋದ ವರ್ಷ ಅಲ್ಲ, ಪ್ರತಿ ವರ್ಷಾನೂ ನೀನು ತಗಳೋದು ಆಷಾಢದ ಸೇಲಿನಲ್ಲೇ. ಉಡೋದು ಯಾವಾಗ?"

"ವರಮಹಾಲಕ್ಷ್ಮಿ ಹಬ್ಬಕ್ಕೆ."

"ಹಬ್ಬ ಯಾವಾಗ? ಶ್ರಾವಣದಲ್ಲಿ. ಆಷಾಢದಲ್ಲಿ ತಗಂಡು ಶ್ರಾವಣದಲ್ಲಿ ಉಟ್ಟೆ. ಸೀರೆ ಹರಿದೋಯ್ತಾ? ಲಕ್ಷ್ಮಿ ಮುನಿಸ್ಕಂಡ್ಳಾ?"

"ಸೀರೆನೂ ಮನೆನೂ ಒಂದೇನಣ್ಣ?"

"ವ್ಯಾಪಾರ ಒಂದೇ ಕಣವ್ವ. ಈ ಮನೆಗೂ ಈಗ ಸೇಲ್ ನಡೀತೈತೆ. ಒಂದನೇ ತಾರೀಕು ಬೋರ್ಡ್ ಇಳಿಸ್ತಾರಂತೆ, ಇವ್ಳು ಹೇಳ್ತಾವ್ಳೆ. ಈಗ ಬರೆಸ್ಕಂಡು ಸುಮ್ನಿರು. ಹೊಸಿಲು ದಾಟಬೇಡ. ಹಾಲು ಶ್ರಾವಣದಲ್ಲಿ ಉಕ್ಕಿಸು."

ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ಅದು ಮಾವನಿಗೆ ಕಂಡಿತು.

"ನೀನೇನ್ ಹಿಗ್ಗಬೇಡ. ನಿಂಗೋಸ್ಕರ ಅಲ್ಲ. ಕಮ್ಮಿ ಬಿದ್ದ ದುಡ್ಡಿಗೆ ನಿಮ್ಮಮ್ಮ ನನ್ ಗಲ್ಲಾಪೆಟ್ಟಿಗೆ ಕಡೆ ನೋಡ್ತಾಳೆ, ಅದಕ್ಕೆ." ಚಪ್ಪಲಿ ಮೆಟ್ಟಿಕೊಳ್ಳುತ್ತಾ ಇನ್ನೊಂದು ಸೇರಿಸಿದರು. "ಆದ್ರೂ ಆಗಲ್ಲ ಬುಡು. ಆಫೀಸಿನ ಬಾಗ್ಲು ತನಕ ಬಂದು ನಿಮ್ಮಮ್ಮ ವಾಪಸ್ ಹೋಗ್ತಾಳೆ, ಬೇಕಾದ್ರೆ ನೋಡ್ತಿರು."

ಆ ಸಂಜೆ ಅಮ್ಮ ಕ್ಯಾಲೆಂಡರಿನ ಹತ್ತಿರ ನಿಂತೇ ಹೇಳಿದಳು, "ಆಷಾಢದ ಶುಕ್ರವಾರ ಅಮ್ಮನೋರ ದಿನ. ಅವತ್ತಾದ್ರೆ ಹಾಕ್ತೀನಿ." ಒಂದನೇ ತಾರೀಖಿಗೆ ಮುಂಚೆ ಉಳಿದಿದ್ದದ್ದು ಒಂದೇ ಶುಕ್ರವಾರ. ಮೇಷ್ಟ್ರಿಗೆ ಫೋನ್ ಮಾಡಿದರೆ ಅವರು ಕುಣಿದಾಡುವುದೊಂದು ಬಾಕಿ. ಅವರ ಕುಣಿಗಲ್ಲಿನ ಮನೆ ಮೋಲ್ಡ್ ಹಾಕದೆ ನಿಂತಿತ್ತು, ಅವರದೂ ಬ್ಯಾಂಕ್ ಸಾಲವೇ, ಅದಕ್ಕೂ ಅದೇ ಒಂದನೇ ತಾರೀಖು. ಹೆಂಡತಿಯನ್ನು ಹೇಗೆ ಒಪ್ಪಿಸಿದರೋ, ಒಪ್ಪಿಸಿದರು. ಆಷಾಢವಾದ್ದರಿಂದ ರಿಜಿಸ್ಟ್ರೇಷನ್ನಿಗೆ ಬರುವವರೇ ಕಮ್ಮಿ, ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ಸಮಯ ಸುಲಭವಾಗಿ ಸಿಕ್ಕಿತು.

ಸುಲಭವಾಗಿ ಸಿಕ್ಕಿದ ಖುಷಿಯಲ್ಲಿ ನಾನು ಒಂದನ್ನು ನೋಡಲಿಲ್ಲ. ಶುಕ್ರವಾರ ಹತ್ತೂವರೆಯಿಂದ ಹನ್ನೆರಡರವರೆಗೆ ರಾಹುಕಾಲ.

ಗುಬ್ಬಿಯ ಆಫೀಸಿನ ಮುಂದೆ ಅಪ್ಪ ಆಟೋ ನಿಲ್ಲಿಸಿದ. ಬ್ಯಾಂಕಿನಿಂದ ಡೀಡಿ ತಂದಿದ್ದ ಯುವಕ ಬೈಕಿನ ಮೇಲೆ ಕಾಯುತ್ತಿದ್ದ. ಮೇಷ್ಟ್ರು, ಅವರ ಹೆಂಡತಿ ಆಗಲೇ ಬಂದಿದ್ದರು. ಅಮ್ಮ ಆಟೋದಿಂದ ಇಳಿದು, ಬಾಗಿಲವರೆಗೆ ನಡೆದು, ಅಲ್ಲಿಂದ ತಿರುಗಿ ಬಂದು ಹೊಂಗೆ ಮರದ ಕೆಳಗೆ ಕೂತಳು. ಮಾವ ಹೇಳಿದ ಹಾಗೇ ಆಯಿತಲ್ಲ ಎಂದುಕೊಂಡು ನಾನು ಅವಳ ಹಿಂದೆಯೇ ಹೋದೆ.

"ಆಷಾಢ ಅಂದ್ರಿ, ಒಪ್ಕೊಂಡೆ. ರಾಹುಕಾಲದಲ್ಲಿ ಮಾತ್ರ ನಾನು ಹೆಬ್ಬೆಟ್ಟು ಒತ್ತಲ್ಲ."

ಮೇಷ್ಟ್ರ ಹೆಂಡತಿ ಹೋಗಿ ಅಮ್ಮನ ಪಕ್ಕ ಕೂತರು. ಅಲ್ಲಿಯವರೆಗೆ ಇಬ್ಬರಿಗೂ ಅಷ್ಟಾಗಿ ಮಾತಿರಲಿಲ್ಲ. ಈಗ ಅವರ ಬ್ಯಾಗಿನಿಂದ ಎಲೆ ಅಡಿಕೆ ಬಂತು, ಅಮ್ಮನ ಮಡಿಲಿನಿಂದ ಸುಣ್ಣದ ಡಬ್ಬಿ ಬಂತು.

"ಮೇಡಂ, ನಾನು ಮಧ್ಯಾಹ್ನ ಕುಣಿಗಲ್ ಬ್ರಾಂಚಿನಲ್ಲಿ ಇರ್ಬೇಕು" ಅಂದ ಬ್ಯಾಂಕಿನ ಯುವಕ. "ಇವತ್ತು ಬಿಟ್ರೆ ಡೀಡಿ ವಾಪಸ್ ಹೋಗುತ್ತೆ. ಆಮೇಲೆ ಹೊಸ ಲೆಕ್ಕ."

ಮೇಷ್ಟ್ರು ಒಳಗೆ ಹೋಗಿ ಗುಮಾಸ್ತರನ್ನು ಬೇಡಿಕೊಂಡು ಬಂದರು. ಹನ್ನೆರಡು ಗಂಟೆಯ ಮೇಲೆ ಇನ್ನೊಬ್ಬರ ಪತ್ರದ ರಿಜಿಸ್ಟ್ರೇಷನ್ ಇದೆ, ಅವರು ತಡವಾಗಿ ಬಂದರೆ ನಡುವೆ ಬಿಡುತ್ತೇವೆ, ಬೇಗ ಬಂದರೆ ಮಧ್ಯಾಹ್ನದ ಮೇಲೆ ನೋಡೋಣ ಎಂದಿದ್ದರಂತೆ. ನಾವೆಲ್ಲ ರಸ್ತೆ ಕಡೆ ನೋಡುತ್ತಾ ನಿಂತೆವು. ಯಾವ ಕಾರು ನಿಧಾನ ಮಾಡಿದರೂ ಮೇಷ್ಟ್ರು ರಸ್ತೆಯವರೆಗೆ ಹೋಗಿ ನೋಡಿ ಬರುತ್ತಿದ್ದರು. ಯುವಕ ಎರಡು ಸಲ ಹೆಲ್ಮೆಟ್ ಹಾಕಿಕೊಂಡ. ಎರಡನೇ ಸಲ ಅಪ್ಪ ಅವನ ಬೈಕಿನ ಮುಂದೆ ಹೋಗಿ ನಿಂತು, ಯಾವ ಊರು, ಮದುವೆ ಆಗಿದೆಯಾ, ಈ ಬೈಕು ಎಷ್ಟು ಕೊಡುತ್ತೆ ಎಂದು ಒಂದೊಂದಾಗಿ ಕೇಳತೊಡಗಿದ. ಅವನಿಗೆ ಹೊರಡಲು ಆಗಲಿಲ್ಲ. ಅಪ್ಪ ಜಗಳವಾಡದೆ ಒಬ್ಬರನ್ನು ತಡೆದು ನಿಲ್ಲಿಸಬಲ್ಲ ಎಂಬುದು ನನಗೆ ಆವತ್ತೇ ಗೊತ್ತಾದದ್ದು.

ಹನ್ನೆರಡಾಯಿತು. ಇನ್ನೊಂದು ಪತ್ರದವರು ಬಂದಿರಲಿಲ್ಲ. ಇಬ್ಬರು ಹೆಂಗಸರೂ ಎದ್ದು ಸೀರೆ ಕೊಡವಿ, ಬಲಗಾಲು ಮುಂದಿಟ್ಟು ಒಳಗೆ ಹೋದರು. ಅಮ್ಮ ಸಹಿ ಹಾಕಿ, ಹೆಬ್ಬೆಟ್ಟನ್ನು ಗುರುತು ಹಿಡಿಯುವ ಯಂತ್ರದ ಮೇಲೆ ಇಟ್ಟಳು. ಮೊದಲ ಸಲ ಗುರುತು ಹಿಡಿಯಲಿಲ್ಲ. ಸೆರಗಿನಲ್ಲಿ ಒರೆಸಿಕೊಂಡು ಮತ್ತೆ ಇಟ್ಟಳು. ಹಿಡಿಯಿತು. ಹೊರಗೆ ಬಂದಾಗ ನನ್ನ ಮುಖ ನೋಡದೆ, "ಬಾಡಿಗೆ ಮನೆಗೆ ನಡಿ. ಹೊಸ ಮನೆ ಗೇಟು ಶ್ರಾವಣದ ತನಕ ಮುಟ್ಟಬೇಡಿ ಯಾರೂ" ಅಂದಳು.

ಒಂದನೇ ತಾರೀಖು ಬಡ್ಡಿ ಏರಿತು. ಮೊದಲ ಕಂತೇ ಹೊಸ ದರದಲ್ಲಿ ಬಂತು. ಅದಾದ ಮೇಲೂ ಏರಿತು. ಪ್ರತಿ ಸಲ ಏರಿದಾಗ ಬ್ಯಾಂಕಿನ ಮೆಸೇಜು ಚಕ್ಕನೆ ಬರುತ್ತಿತ್ತು. ಒಂದು ಕಡೆ ಕಂತು ಏರಿದರೆ ಇನ್ನೊಂದು ಕಡೆ ಜನ ಗಾಡಿ ಕೊಳ್ಳುವುದು ಕಮ್ಮಿಯಾಗಿ ನಮ್ಮ ಕಾರ್ಖಾನೆಯಲ್ಲಿ ಓವರ್‌ಟೈಮ್ ನಿಂತಿತು. ಒಂದೇ ಸುದ್ದಿ ಎರಡು ಕೈಯಲ್ಲಿ ಹೊಡೆಯಿತು. ಸಂಜೆ ಟ್ಯೂಷನ್ ಹೇಳಿದೆ. ಅಪ್ಪ ಆಟೋಗೆ ನಿಟ್ಟೂರಿನ ಕಡೆಯ ಬಾಡಿಗೆಯನ್ನೂ ಹಿಡಿದ. ಒಂದು ಕಂತೂ ತಪ್ಪಿಸಲಿಲ್ಲ. ಈಚೆಗೆ ದರ ಇಳಿಯತೊಡಗಿದೆ. ಇಳಿದದ್ದು ನಮ್ಮವರೆಗೆ ಬರಲು ಮಾತ್ರ ಅದಕ್ಕೆ ಆತುರವಿಲ್ಲ. ಕಂತು ಹಾಗೇ ಇರಲಿ, ವರ್ಷ ಕಮ್ಮಿ ಮಾಡಿ ಎಂದು ನಾನು ಬರೆದುಕೊಟ್ಟು ಬಂದಿದ್ದೇನೆ. ಈಗ ದರ ಹೇಳುವ ದಿನ ಅಮ್ಮನೇ ಟೀವಿ ಹಾಕುತ್ತಾಳೆ. ಇಂಗ್ಲಿಷ್ ಬಾರದಿದ್ದರೂ ಹೇಳುವವರ ಮುಖ ನೋಡಿ "ಇವತ್ತು ಏರ್ಸಲ್ಲ" ಎಂದು ಹೇಳುತ್ತಾಳೆ. ಕೆಲವು ಸಲ ಸರಿಯಾಗಿರುತ್ತದೆ.

ಆದರೆ ಇವೆಲ್ಲ ಆಮೇಲಿನ ಮಾತು. ಶ್ರಾವಣ ಹುಟ್ಟಿದ ವಾರವೇ ಗುಬ್ಬಿಯ ಮನೆಯಲ್ಲಿ ಹಾಲು ಉಕ್ಕಿಸಿದೆವು. ಕುಣಿಗಲ್ಲಿನಿಂದ ಮೇಷ್ಟ್ರು, ಅವರ ಹೆಂಡತಿ ಬಂದು ನಿಂಬೆ ಗಿಡಕ್ಕೆ ನೀರು ಹಾಕಿ ಹೋದರು. ಮಾವ ಅಮ್ಮನಿಗೆ ಒಂದು ಸೀರೆ ತಂದಿದ್ದರು. ಸೇಲಿನದೇ ಇರಬೇಕು. ಊಟವಾದ ಮೇಲೆ ಅವರು ಮನೆಯೆಲ್ಲ ಸುತ್ತಿ, ಗೋಡೆಯನ್ನು ಬೆರಳಿನ ಗೆಣ್ಣಿನಿಂದ ತಟ್ಟಿ ನೋಡುತ್ತಿದ್ದರು.

ನಾನು ಪೆಟ್ಟಿಗೆಯಲ್ಲಿ ಹಳೆಯ ಪಂಚೆ ಸುತ್ತಿ ಇಟ್ಟಿದ್ದ ಫ್ರೇಮನ್ನು ತಂದೆ. ಗಾಜಿನ ಒಂದು ಮೂಲೆ ಬಿರುಕು ಬಿಟ್ಟಿತ್ತು. ಅಪ್ಪ ಆಟೋದ ಟೂಲ್ ಬಾಕ್ಸಿನಿಂದ ಸುತ್ತಿಗೆ ತಂದ, ಅಂಗೈಯಲ್ಲಿ ನಾಲ್ಕಾರು ಮೊಳೆ. ಯಾರು ಹೊಡೆಯುವುದು ಎಂದು ಅಪ್ಪ ನನ್ನ ಮುಖ ನೋಡಿದ. ನಾನು ಸರ್ಟಿಫಿಕೇಟನ್ನು ಮಾವನ ಕೈಗೆ ಕೊಟ್ಟೆ.

ಅವರು ಹೆಗಲ ಮೇಲಿನ ಟವೆಲಿನಿಂದ ಗಾಜು ಒರೆಸಿದರು. ಸ್ಟೂಲ್ ಹತ್ತಿ ಅಪ್ಪ ಕೊಟ್ಟ ಮೊಳೆಯನ್ನು ಬೆಳಕಿಗೆ ಹಿಡಿದು ನೋಡಿ ಕೆಳಗೆ ಎಸೆದರು.

"ಇದು ಕ್ಯಾಲೆಂಡರ್ ಮೊಳೆ ಕಣೋ ಭಾವ, ದಪ್ಪದ್ದು ಕೊಡು. ನಾಳೆ ಎಲ್ಲೋ ಬಡ್ಡಿ ಏರ್ತು ಅಂತ ಇದು ಕೆಳಿಕ್ಕೆ ಬೀಳಬಾರ್ದು."